ಜರ್ಮನ್ ಒಂದಕ್ಷರ ಬರೂದಿಲ್ಲ, ಮುಂದಿನ ತಿಂಗಳು ಹೊಂಟಾಳ: ಏನು ಕಲಿಸಿ, ಏನು ಕಟ್ಟಿ ಕಳಸಬೇಕು?

ಬೆಟಗೇರಿ ಮಗ್ಗ:
ಎಲ್ಲಾರಿಗೂ ಶರಣು. ತಂಗಿ ಮುಂದಿನ ತಿಂಗಳು ಗದಗಿಂದ ಜರ್ಮನಿಗೆ ಹೊಂಟಾಳ. ಆಕಿ ಮನಿಯವ್ರು, ಅಂದ್ರ ಗಂಡ, ಅಲ್ಲಿ ಬ್ಲೂ ಕಾರ್ಡ್ (ಹೆಚ್ಚು ಓದಿದ ವಿದೇಶಿ ನೌಕರರಿಗೆ ಕೊಡೋ ಪರವಾನಗಿ) ಮ್ಯಾಲೆ ಕೆಲಸದಾಗ ಅದಾರ, ಸ್ಟುಟ್‌ಗಾರ್ಟ್ ಹತ್ರದ ಸಣ್ಣ ಊರು. ಈಕಿಗೆ ಕನ್ನಡ ಬಿಟ್ರ ಅಷ್ಟಿಷ್ಟು ಹಿಂದಿ, ಓದಿ ತಿಳ್ಕೊಳ್ಳುವಷ್ಟು ಇಂಗ್ಲಿಷ್. ಜರ್ಮನ್ ಒಂದಕ್ಷರ ಇಲ್ಲ. ಅವ್ರು ಮುಂಜಾನೆ 7ಕ್ಕ ಮನಿ ಬಿಟ್ರ ಸಂಜಿ 6ಕ್ಕ ಬರೂದು. ಹಗಲೊತ್ತು ಅಂಗಡಿ, ದವಾಖಾನಿ, ಟಪಾಲು, ಬಸ್ಸು ಎಲ್ಲಾ ಈಕಿನ ನೋಡ್ಕೋಬೇಕು. ಉಳಿದಿರೋ ನಾಲ್ಕು ವಾರದಾಗ ಏನು ಕಲಿಸಬೇಕು, ಏನು ಕಟ್ಟಿ ಕಳಸಬೇಕು? ಗೊತ್ತಿದ್ದವ್ರು ಬಿಡಿಸಿ ಹೇಳ್ರಿ. "ಹೋದ್ಮ್ಯಾಲೆ ಎಲ್ಲಾ ಆಗ್ತೈತಿ ಬಿಡ್ರಿ" ಅನ್ನೂದೊಂದು ಬ್ಯಾಡ.

ಉಣಕಲ್ ದಂಡಿ:
ಫೋನ್ ಐತಲ್ರಿ. ಕ್ಯಾಮೆರಾ ಹಿಡದ್ರ ಜರ್ಮನ್ ಹೋಗಿ ಕನ್ನಡ ಬರ್ತೈತಿ, ಕನ್ನಡದಾಗ ಮಾತಾಡಿದ್ರ ಅದು ಜರ್ಮನ್‌ದಾಗ ಮಾತಾಡ್ತೈತಿ. ನಾಲ್ಕು ವಾರ ವ್ಯಾಕರಣ ಹಿಡಕೊಂಡು ಕೂಡೂದ್ಯಾಕ?

ಸಾಧನಕೇರಿ ಮಳೆ:
ಉಣಕಲ್ಲಿನವರ, ಅರ್ಧ ಖರೆ ಹೇಳೀರಿ. ಅಂಗಡಿ ಕಪಾಟಿನ ಮುಂದ, ಬಸ್ ನಿಲ್ದಾಣದ ಹಲಗಿ ಮುಂದ ಫೋನ್ ಭಾಳ ಛಲೋ ಕೆಲಸಾ ಮಾಡ್ತದ. ಅದು ಕೈ ಕೊಡೂದು ಮೂರು ಕಡೆ: ಯಾರರೆ ಫೋನ್ ಹಚ್ಚಿದಾಗ, ಬಾಗಲಾ ಬಡದಾಗ, ಗಡುವು ಇರೋ ಕಾಗದ ಟಪಾಲಿನಾಗ ಬಂದಾಗ. ಮೊದಲಿನ ಎರಡಕ್ಕ ತಯಾರಿ ಬೇಕು, ಮೂರನೇದಕ್ಕ ಶಿಸ್ತು ಬೇಕು.

ಫೋನಿನ ತಯಾರಿ ಹೇಳ್ತೀನಿ. ಗೂಗಲ್ ಟ್ರಾನ್ಸ್‌ಲೇಟಿನಾಗ ಜರ್ಮನ್, ಕನ್ನಡ ಎರಡೂ ಭಾಷಾ ಇಲ್ಲೇ ವೈಫೈ ಇದ್ದಾಗ ಇಳಿಸಿ ಇಟ್ಕೋರಿ. ಕೆಲವು ದೊಡ್ಡ ಅಂಗಡಿಗಳು, ಮೆಟ್ರೋ ನಿಲ್ದಾಣಗಳು ನೆಲದ ಕೆಳಗ ಇರ್ತಾವ, ಅಲ್ಲಿ ನೆಟ್ ಸಿಗೂದು ಖಾತ್ರಿ ಇಲ್ಲ. ಸರ್ಕಾರಿ ಕಾಗದಕ್ಕ ಜರ್ಮನ್‌ದಿಂದ ಇಂಗ್ಲಿಷಿಗೆ ಹಾಕಿ ಓದೂದು ಛಲೋ, ನೇರ ಕನ್ನಡಕ್ಕ ಹಾಕಿದ್ರ ಕಾನೂನಿನ ಶಬ್ದ ಎಲ್ಲೆಲ್ಲೋ ಹೋಗ್ತಾವ. ಇನ್ನ ಅದಕ್ಕ ಹೇಳೋ ಮುಂದ ನಮ್ಮ "ಹೋಗಾಕತ್ತೀನ್ರಿ, ಬರ್ತೈತೇನ್ರಿ" ನಡಿಯೂದಿಲ್ಲ. ಪುಸ್ತಕದ ಕನ್ನಡದಾಗ ನಾಲ್ಕೈದು ಶಬ್ದದ ಸಣ್ಣ ವಾಕ್ಯ ಹೇಳಬೇಕು: "ನನಗೆ ಹೊಟ್ಟೆ ನೋವು ಇದೆ. ನಿನ್ನೆಯಿಂದ ಇದೆ." ಆಮ್ಯಾಲ ಬಂದ ಜರ್ಮನ್ ಅನ್ನ ತಿರುಗಿ ಕನ್ನಡಕ್ಕ ಹಾಕಿ ನೋಡಬೇಕು. ಅರ್ಥ ಹಂಗ ಉಳಿದಿದ್ರ ಮಾತ್ರ ತೋರಸಬೇಕು.

ಲಕ್ಷ್ಮೇಶ್ವರದಾಕಿ:
ಒಂದು ಕೇಳ್ತೀನಿ. ಎ1 ಪರೀಕ್ಷೆ (ಜರ್ಮನ್ ಭಾಷಾದ ಮೊದಲ ಹಂತದ್ದು) ಇಲ್ಲದ ವೀಸಾ ಹೆಂಗ ಸಿಕ್ತು? ಹೆಂಡ್ತಿ ಮಂದಿಗೆ ಅದು ಕಡ್ಡಾಯ ಅಂತಾರಲ್ಲ?

ಹಾವೇರಿ ಏಲಕ್ಕಿ ಹಾರ:
ಅಕ್ಕಾರ, ಸಾಮಾನ್ಯವಾಗಿ ಕಡ್ಡಾಯನ. ಬ್ಲೂ ಕಾರ್ಡ್ ಇದ್ದವರ ಗಂಡ ಅಥವಾ ಹೆಂಡತಿಗೆ ವಿನಾಯಿತಿ ಅದ. ಆದ್ರ ವಿನಾಯಿತಿ ವೀಸಾಕ್ಕ ಅಷ್ಟ, ಬದುಕಿಗೆ ಅಲ್ಲ ಅನ್ನೂದು ಮಂದಿ ಮರೀತಾರ. ಎ1 ಅಂದ್ರ ಕೇಳೂದು, ಓದೂದು, ಬರಿಯೂದು, ಮಾತಾಡೂದು ಅಂತ ನಾಲ್ಕು ಭಾಗ, 100ಕ್ಕ 60 ಬಂದ್ರ ಪಾಸು. ಪರೀಕ್ಷೆ ಕಟ್ಟದಿದ್ರೂ ಆ ಪಾಠದ ಮೊದಲ ಅರ್ಧ ಮುಗಿಸಿ ಹೋಗ್ಲಿ. ಡಾಯ್ಚ ವೆಲ್ಲ (ಜರ್ಮನಿಯ ಪ್ರಸಾರ ಸಂಸ್ಥೆ) ಅವ್ರ ಪಾಠ ಆನ್‌ಲೈನಿನಾಗ ಪುಕ್ಕಟೆ ಅದಾವ. ದಿನಾ ಒಂದು ತಾಸು ಕೂತ್ರ ನಾಲ್ಕು ವಾರದಾಗ ಅಂಕಿ, ವಾರ, ತಾಸು, ತನ್ನ ಹೆಸರು, ವಿಳಾಸ ಹೇಳೂದು ಬರ್ತದ. ಹೆಸರನ್ನ ಅಕ್ಷರ ಬಿಡಿಸಿ ಹೇಳೂದು ಮಾತ್ರ ಬಾಯಿಪಾಠ ಆಗಬೇಕು. ನಮ್ಮ ಹೆಸರು ಅವರಿಗೆ ಒಂದೇ ಸಲಕ್ಕ ತಿಳಿಯೂದಿಲ್ಲ. ಅವರ ಅಕ್ಷರದ ಹೆಸರೂ ಬ್ಯಾರೆ: ಇಂಗ್ಲಿಷಿನ 'ಇ' ಅವರಿಗೆ 'ಏ', ಇಂಗ್ಲಿಷಿನ 'ಐ' ಅವರಿಗೆ 'ಈ', 'ಜೆ' ಅಂದ್ರ 'ಯೋಟ್', 'ವಿ' ಅಂದ್ರ 'ಫೌ', 'ಡಬ್ಲ್ಯೂ' ಅಂದ್ರ 'ವೇ'. ಇಂಗ್ಲಿಷಿನಂಗ ಹೇಳಿದ್ರ ತಪ್ಪು ಹೆಸರು ದಾಖಲಾತಿಗೆ ಹೋಗ್ತದ.

ಬ್ಯಾಡಗಿ ಕಡ್ಡಿ:
ಅಂಕಿ ಅಂದ್ರಲ್ಲ, ಅಲ್ಲೇ ಮೋಸ ಐತಿ. 27 ಅನ್ನಾಕ ಅವ್ರು "ಏಳು ಮತ್ತು ಇಪ್ಪತ್ತು" ಅಂತಾರ, ಜೀಬೆನ್‌ಉಂಡ್‌ಟ್ಸ್ವಾನ್‌ಟ್ಸಿಶ್. ಕೇಳಿದವ್ರು 72 ಅಂತ ಬರಕೋತಾರ. ಫೋನ್ ನಂಬರ್, ಬಸ್ ನಂಬರ್, ಬೆಲಿ ಯಾವುದನ್ನೂ ಕಿವಿಯಿಂದ ನಂಬಬಾರದು, ಚೀಟಿ ಮುಂದ ಹಿಡಿದು ಬರಸ್ಕೋಬೇಕು. ಬರಿಯೂದ್ರಾಗೂ ನೋಡ್ಕೋಬೇಕು. ಅವರ ಕೈಬರಹದ 1ಕ್ಕ ಮ್ಯಾಲೆ ಉದ್ದನ ಕೊಕ್ಕಿ ಇರ್ತೈತಿ, ನಮಗ 7ರಂಗ ಕಾಣ್ತೈತಿ. ಅವರ 7ಕ್ಕ ನಡಬರಕ ಅಡ್ಡಗೀಟು ಇರ್ತೈತಿ. ಅಡ್ಡಗೀಟು ಇಲ್ಲಂದ್ರ ಅದು ಹೆಚ್ಚಾಗಿ 1.

ತಾಸು ಹೇಳೂದು ಇದಕ್ಕಿಂತ ಕಠಿಣ. "ಹಾಲ್ಪ್ ಡ್ರೈ" ಅಂದ್ರ ಶಬ್ದಕ್ಕ ಶಬ್ದ 'ಅರ್ಧ ಮೂರು'. ನಮಗ ಮೂರೂವರಿ ಅನಸ್ತೈತಿ, ಖರೆ ಅರ್ಥ ಎರಡೂವರಿ. ಡಾಕ್ಟರ ಹತ್ರ ಒಂದು ತಾಸು ತಡಾ ಹ್ವಾದ್ರ ಪಾಳಿ ಹೋತು.

ಬೆಟಗೇರಿ ಮಗ್ಗ:
ಇದು ಗೊತ್ತಿರಲಿಲ್ಲ, ಬರಕೊಂಡೆ. ಟಪಾಲಿನ ಬಗ್ಗೆ ಸಾಧನಕೇರಿಯವ್ರು ಅರ್ಧಕ್ಕ ಬಿಟ್ರಿ. ಅಲ್ಲಿ ಇನ್ನೂ ಟಪಾಲು ಅಷ್ಟು ಬರ್ತೈತೇನ್ರಿ?

ಸಾಧನಕೇರಿ ಮಳೆ:
ಬರ್ತದ ಅಂದ್ರ ಎಲ್ಲಾನೂ ಅದ್ರಾಗನ ಬರ್ತದ. ತೆರಿಗೆ ನಂಬರ್, ಬ್ಯಾಂಕಿನ ಕಾರ್ಡು, ಅದರ ಪಿನ್ ಬ್ಯಾರೆ ಪಾಕೀಟಿನಾಗ, ದವಾಖಾನಿ ವಿಮೆ ಕಾರ್ಡು, ಎಲ್ಲಾ.

ಹಿಂಗಾಗಿ ಮೊದಲ ಕೆಲಸ ಅಂಚೆಪೆಟ್ಟಿಗಿ ಮ್ಯಾಲೆ ಆಕಿ ಹೆಸರು. ಅಲ್ಲಿ ಅಪಾರ್ಟ್‌ಮೆಂಟಿಗೆ ಸಾಮಾನ್ಯವಾಗಿ ಮನಿ ನಂಬರ್ ಇರೂದಿಲ್ಲ. ವಿಳಾಸ ಅಂದ್ರ ಬೀದಿ, ಕಟ್ಟಡದ ನಂಬರ್, ಪಿನ್ ಕೋಡ್, ಊರು, ಅಷ್ಟ. ಒಳಗ ಹತ್ತು ಮನಿ ಇದ್ರ ಅಂಚೆಯವ ಕರೆಗಂಟಿ ಮತ್ತ ಪೆಟ್ಟಿಗಿ ಮ್ಯಾಲಿನ ಹೆಸರು ನೋಡಿ ಹಾಕ್ತಾನ. ನಮ್ಮ ಕಡೆ ಗಂಡನ ಅಡ್ಡಹೆಸರು ಒಂದು, ಹೆಂಡತಿ ಪಾಸ್‌ಪೋರ್ಟಿನಾಗ ತವರುಮನಿ ಅಡ್ಡಹೆಸರು ಇನ್ನೊಂದು ಇರೂದು ಭಾಳ. ಪೆಟ್ಟಿಗಿ ಮ್ಯಾಲೆ ಗಂಡನ ಹೆಸರಷ್ಟ ಇದ್ರ ಆಕಿ ಕಾಗದ ತಿರುಗಿ ಹೋಗ್ತಾವ. ಆಮ್ಯಾಲ ತೆರಿಗೆ ನಂಬರ್ ಬರಲಿಲ್ಲ, ಕಾರ್ಡು ಬರಲಿಲ್ಲ ಅಂತ ತಿಂಗಳುಗಟ್ಟಲೆ ಅಲೆದಾಟ. ಈ ಒಂದು ಚೀಟಿ ಆಕಿ ವಿಮಾನ ಇಳಿಯೋಕಿಂತ ಮೊದಲ ಅಂಟಿರಬೇಕು.

ಹಾವೇರಿ ಏಲಕ್ಕಿ ಹಾರ:
ಭಾಳ ಖರೆ. ಎರಡನೇ ಕೆಲಸ ಅನ್‌ಮೆಲ್ಡುಂಗ್, ಅಂದ್ರ ಊರಿನ ಕಚೇರಿಯೊಳಗ ವಾಸದ ನೋಂದಣಿ. ಮನಿಗೆ ಬಂದು 14 ದಿನದೊಳಗ ಮಾಡಬೇಕು. ಸಣ್ಣ ಊರಾಗ ಅದು ರಾಟ್‌ಹೌಸಿನಾಗನ ಇರ್ತದ, ನಮ್ಮ ಪುರಸಭೆ ಇದ್ದಂಗ. ಪಾಸ್‌ಪೋರ್ಟ್, ವೀಸಾ, ಮದುವಿ ಪ್ರಮಾಣಪತ್ರದ ಮೂಲಪ್ರತಿ ಮತ್ತ ಜರ್ಮನ್ ಅನುವಾದ, ಮನಿ ಮಾಲಕ ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ಈ ಕೊನೇದರ ಹೆಸರು ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಬಾಡಿಗಿ ಕರಾರು ಇದ್ರ ಸಾಕು ಅಂದುಕೊಂಡು ಹೋದವ್ರು ತಿರುಗಿ ಬರ್ತಾರ. ಕರಾರು ಬ್ಯಾರೆ, ಇದು ಬ್ಯಾರೆ. ಮಾಲಕರಿಗೆ ಈಗಲೇ ಹೇಳಿ ತರಿಸಿ ಇಟ್ಕೋರಿ.

ನೋಂದಣಿ ಆದಮ್ಯಾಲ ಕೆಲವು ವಾರದಾಗ 11 ಅಂಕಿಯ ತೆರಿಗೆ ನಂಬರ್ ಟಪಾಲಿಗೆ ಬರ್ತದ. ಅದು ಜೀವಮಾನಕ್ಕ ಒಂದ, ಆ ಕಾಗದ ಒಗೀಬಾರದು.

ಕಚೇರಿಯೊಳಗ ಇಂಗ್ಲಿಷಿನಾಗ ಮಾತಾಡ್ರಿ ಅಂತ ಹಟ ಹಿಡಿಯೂದು ಬ್ಯಾಡ. ಅಲ್ಲಿ ಆಡಳಿತದ ಭಾಷಾ ಜರ್ಮನ್ ಅಂತ ಕಾನೂನಿನಾಗನ ಅದ. ಇಂಗ್ಲಿಷ್ ಮಾತಾಡಿದ್ರ ಅದು ಅವರ ಸೌಜನ್ಯ. ಜರ್ಮನ್ ಬರೋರನ್ನ ಜೋಡಿ ಕರಕೊಂಡು ಹೋಗೂದು ಉತ್ತಮ.

ಉಣಕಲ್ ದಂಡಿ:
ಕಾಗದ ಬಂದ್ರೂ ಕ್ಯಾಮೆರಾ ಹಿಡದು ಓದಬಹುದಲ್ರಿ. ಇದ್ರಾಗ ಏನು ಅಂಥಾ ತ್ರಾಸು?

ಸಾಧನಕೇರಿ ಮಳೆ:
ಓದೂದು ತ್ರಾಸಲ್ಲ, ಯಾವಾಗ ಓದಬೇಕು ಅನ್ನೂದು ತ್ರಾಸು. ಪಾಕೀಟು ಒಡಿಯದ ಇಟ್ರೂ ಗಡುವು ಓಡ್ತಿರ್ತದ. ಹಳದಿ ಪಾಕೀಟು ಬಂದ್ರ ಅದರ ಮ್ಯಾಲೆ ಅಂಚೆಯವ ಕೈಲೆ ತಾರೀಖು ಬರದಿರ್ತಾನ, ಲೆಕ್ಕ ಆ ದಿನದಿಂದ ಸುರು. ಅದಕ್ಕ ಒಳಗಿನ ಕಾಗದದ ಜೋಡಿ ಆ ಪಾಕೀಟನ್ನೂ ಇಟ್ಕೋಬೇಕು. ದಂಡದ ಆದೇಶಕ್ಕ ತಕರಾರು ಹಾಕಾಕ 2 ವಾರ, ಬ್ಯಾರೆ ಸರ್ಕಾರಿ ಆದೇಶಕ್ಕ ಸಾಮಾನ್ಯವಾಗಿ 1 ತಿಂಗಳು. ಮನಿಯವ್ರು ರಜಾ ದಿನ ನೋಡ್ತಾರ ಅಂತ ಗುಡ್ಡಿ ಹಾಕಿಟ್ರ ದಿನಾ ಕೈ ಬಿಟ್ಟು ಹೋಗ್ತಾವ.

ತಂಗಿಗೆ ಆರು ಶಬ್ದ ಕಲಸ್ರಿ. ಫ್ರಿಸ್ಟ್ ಅಂದ್ರ ಗಡುವು. ಬಿಸ್ ತ್ಸುಮ್ ಅಂದ್ರ ಇಂಥಾ ತಾರೀಖಿನ ತನಕ. ಬೆಟ್ರಾಗ್ ಅಂದ್ರ ರೊಕ್ಕದ ಮೊತ್ತ. ಮಾಹ್ನುಂಗ್ ಅಂದ್ರ ಬಾಕಿ ಉಳಿದದ್ದಕ್ಕ ಎಚ್ಚರಿಕಿ ಪತ್ರ. ಟೆರ್ಮೀನ್ ಅಂದ್ರ ಗೊತ್ತು ಮಾಡಿದ ದಿನ, ಹೊತ್ತು. ಆಕ್ಟೆನ್‌ತ್ಸೈಶೆನ್ ಅಂದ್ರ ಕಡತದ ನಂಬರ್, ಉತ್ತರ ಬರಿಯೋವಾಗ ಇದು ಬೇಕ ಬೇಕು. ಟಪಾಲು ಬಂದ ದಿನಾನ ಪಾಕೀಟು ಒಡದು ಈ ಆರು ಶಬ್ದ ಎಲ್ಲಿ ಅದಾವ ಹುಡಕಿ, ಫೋಟೋ ತಗದು ಮನಿಯವರಿಗೆ ಕಳಸಬೇಕು. ಒಂದು ಬರಹಾನೂ ಪೂರ್ತಿ ತಿಳಿಯದಿದ್ರೂ ಯಾವುದು ಅರ್ಜಂಟ್ ಅನ್ನೂದು ತಿಳೀತದ.

ತೋಂಟದ ಓಣಿ:
ಒಂದು ಸೇರಸ್ತೀನಿ. ನೋಂದಣಿ ಆದ ಮ್ಯಾಲೆ ಆಕಿ ಹೆಸರಿಗೆ ರೇಡಿಯೋ-ಟಿವಿ ಶುಲ್ಕದ ಪತ್ರ ಬರಬಹುದು, ರುಂಡ್‌ಫುಂಕ್‌ಬೈಟ್ರಾಗ್ ಅಂತ. ತಿಂಗಳಿಗೆ 18.36 ಯೂರೋ, ಮೂರು ತಿಂಗಳಿಗೊಮ್ಮೆ 55.08. ಟಿವಿ ಇಲ್ಲಂದ್ರೂ ಕಟ್ಟಬೇಕು. ಆದ್ರ ಅದು ಆಳಿಗೊಂದು ಅಲ್ಲ, ಮನಿಗೊಂದು. ಮನಿಯವ್ರು ಕಟ್ಟತಿದ್ರ ಅವರ 9 ಅಂಕಿಯ ಶುಲ್ಕದ ನಂಬರ್ ಬರದು ಉತ್ತರ ಕೊಟ್ರ ಮುಗೀತು. ಉತ್ತರ ಕೊಡದ ಸುಮ್ನ ಕೂತ್ರ ಒಂದ ಮನಿಗೆ ಎರಡು ಖಾತೆ ತೆರೀತಾರ.

ಮುಂಡರಗಿ ಗಾಳಿ:
ಬಾಗಲಾ ಬಡಿಯೋರ ಬಗ್ಗೆ ಯಾರೂ ಹೇಳಲಿಲ್ಲ. ಕರೆಂಟ್, ಇಂಟರ್ನೆಟ್ ಮಾರೋರು ಮನಿಮನಿಗೆ ಬರ್ತಾರ. ಭಾಷಾ ತಿಳಿಯದವ್ರು ಮರ್ಯಾದಿಗೆ "ಯಾ, ಯಾ" ಅಂತ ತಲಿ ಆಡಿಸಿ ಸಹಿ ಮಾಡ್ತಾರ, ಅದು ಎರಡು ವರ್ಷದ ಕರಾರು ಆಗಿರ್ತೈತಿ. ಕರೆಂಟ್ ಮೀಟರಿನ ನಂಬರ್, ಬ್ಯಾಂಕ್ ನಂಬರ್ ಬಾಗಲದಾಗ ನಿಂತವ್ರಿಗೆ ಕೊಡಬಾರದು. "ನೈನ್, ಡಾಂಕೆ" ಅಂದು ಬಾಗಲಾ ಹಾಕ್ರಿ, ಅಲ್ಲಿ ಅದು ಅಪಮಾನ ಅಲ್ಲ. ಸಹಿ ಆಗೇ ಹೋಗಿದ್ರ 14 ದಿನದೊಳಗ ಕಾರಣ ಹೇಳದ ರದ್ದು ಮಾಡೋ ಹಕ್ಕು ಕಾನೂನಿನಾಗ ಐತಿ, ಬರವಣಿಗಿಯೊಳಗ ಕಳಸಬೇಕು.

ಪಾರ್ಸೆಲ್ಲಿನವ ಬಂದ್ರ ಮಾತ್ರ ಬಾಗಲಾ ತಗೀಬೇಕು. ಇಲ್ಲಂದ್ರ ಚೀಟಿ ಬಿಟ್ಟು ಹೋಗ್ತಾನ. ಅದ್ರಾಗ ನಾಖ್‌ಬಾರ್ ಅಂತಿದ್ರ ಬಾಜು ಮನಿಯೊಳಗ ಐತಿ, ಫಿಲಿಯಾಲೆ ಅಂತಿದ್ರ ಅಂಗಡಿಗೆ ಹೋಗಿ ಪಾಸ್‌ಪೋರ್ಟ್ ತೋರಿಸಿ ತರಬೇಕು.

ಲಕ್ಷ್ಮೇಶ್ವರದಾಕಿ:
ಕಟ್ಟಿ ಕಳಸೂದ್ರ ಬಗ್ಗೆ ನಾ ಹೇಳ್ತೀನಿ. ಧಾರವಾಡ ಪೇಢಾ, ಬೆಳಗಾವಿ ಕುಂದಾ, ಮನಿ ತುಪ್ಪ ಈ ಮೂರೂ ಬ್ಯಾಡ. ಯುರೋಪ್ ಒಕ್ಕೂಟದೊಳಗ ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಸ್ವಂತಕ್ಕೂ ಒಯ್ಯಾಕ ಬಿಡೂದಿಲ್ಲ. ಪೇಢಾ ಅಂದ್ರ ಖೋವಾನ. ಕರದಂಟು ತುಪ್ಪದಾಗ ಕರದಿರ್ತಾರ ಖರೆ, ಆದ್ರ ಅದು ಅಂಟು, ಬೆಲ್ಲ, ಕೊಬ್ರಿ, ಗೋಡಂಬಿಯ ಮಿಠಾಯಿ, ಹಾಲಿನ ಭಾಗ ಸಣ್ಣದು. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಲಿಂಬಿಹಣ್ಣು ಬ್ಯಾಡ. ತಾಜಾ ಗಿಡದ ವಸ್ತುವಿಗೆ ರೋಗ ಇಲ್ಲ ಅನ್ನೋ ಸರ್ಕಾರಿ ಪ್ರಮಾಣಪತ್ರ ಕೇಳ್ತಾರ.

ಒಯ್ಯಬೇಕಾದ್ದು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮಸಾಲಿ ಖಾರ, ಬ್ಯಾಡಗಿ ಮೆಣಸಿನಕಾಯಿ ಪುಡಿ. ಎಲ್ಲಾ ಒಣಾ ಇರಬೇಕು, ಎರಡು ಪದರ ಪ್ಯಾಕಿಂಗ್, ಮ್ಯಾಲೆ ಇಂಗ್ಲಿಷಿನಾಗ ಹೆಸರು. ದುಬೈ, ಅಬುಧಾಬಿ ದಾರಿಯಾಗ ಹೋಗೋದಾದ್ರ ಗಸಗಸಿ ಒಂದು ಕಾಳೂ ಬ್ಯಾಡ, ಅಲ್ಲಿ ಅದು ನಿಷೇಧ. ಜರ್ಮನಿಯೊಳಗ ಅದ ಗಸಗಸಿ 'ಮೋನ್' ಅಂತ ಎಲ್ಲಾ ಅಂಗಡಿಯಾಗ ಸಿಗ್ತದ.

ಬ್ಯಾಡಗಿ ಕಡ್ಡಿ:
ಅಕ್ಕಾರ, ತುಪ್ಪದ ಚಿಂತಿ ಬ್ಯಾಡ. ಅಲ್ಲಿ 'ಬುಟರ್‌ಶ್ಮಾಲ್ಟ್ಸ್' ಅಂತ ಸಿಗ್ತೈತಿ, ಅದು ಬೆಣ್ಣಿ ಕಾಸಿದ್ದ. ಆದ್ರ ಎಲ್ಲಾರೂ ಎಚ್ಚರ ಇರಬೇಕಾದ ಮಾತು ಇದು: ಬರೇ 'ಶ್ಮಾಲ್ಟ್ಸ್' ಅಂತಿದ್ರ, ಅಥವಾ 'ಶ್ವೈನೆಶ್ಮಾಲ್ಟ್ಸ್' ಅಂತಿದ್ರ ಅದು ಹಂದಿ ಕೊಬ್ಬು. ಎರಡೂ ಒಂದ ಕಪಾಟಿನಾಗ ಇರಬಹುದು, ಬಣ್ಣಾನೂ ಭಾಳ ದೂರ ಇಲ್ಲ. 'ಬುಟರ್' ಅನ್ನೋ ಶಬ್ದ ಕಂಡ ಮ್ಯಾಲೆನ ಕೈ ಹಾಕಬೇಕು.

ನಮ್ಮಲ್ಲಿದ್ದಂಗ ಹಸಿರು ಚುಕ್ಕಿ ಕಡ್ಡಾಯ ಅಲ್ಲಿಲ್ಲ. ಕೆಲವು ಪ್ಯಾಕೆಟ್ ಮ್ಯಾಲೆ ಹಳದಿ ವಿ ಗುರುತು ಇರ್ತೈತಿ, ಇಲ್ಲದಿದ್ರ ಪದಾರ್ಥದ ಪಟ್ಟಿ ಓದಬೇಕು. ಗೆಲಾಟೀನೆ, ಶ್ಪೆಕ್ (ಹಂದಿದು), ಶ್ವೈನ್, ರಿಂಡ್ (ದನದ್ದು), ಹೂನ್ (ಕೋಳಿ) ಇವು ಕಂಡ್ರ ಕೆಳಗಿಡ್ರಿ. ಗೆಲಾಟೀನೆ ಪ್ರಾಣಿ ಎಲುಬು-ಚರ್ಮದ್ದು, ಮೆತ್ತನ ಮಿಠಾಯಿಗಳಾಗ, ಕೆಲವು ಮೊಸರಿನ ಸಿಹಿ ಡಬ್ಬಿಯಾಗೂ ಇರ್ತೈತಿ. ಡಬ್ಬಿ ಸೂಪಿನಾಗ ಬೇಳಿ ಚಿತ್ರ ಇದ್ರೂ ಒಳಗ ಶ್ಪೆಕ್ ಇರಬಹುದು. ಚೀಸ್ ತಿನ್ನೋರು 'ಲಾಬ್' ಶಬ್ದ ನೋಡ್ರಿ. 'ಮಿಕ್ರೋಬಿಯೆಲ್' ಅಂತ ಜೋಡಿ ಇದ್ರ ನಡೀತೈತಿ, 'ಟೀರಿಶ್' ಇದ್ರ ಕರುವಿನ ಜಠರದ್ದು.

ತೋಂಟದ ಓಣಿ:
ಹಿಟ್ಟಿನ ಹೆಸರೂ ಹೇಳ್ರಿ. ಮೈದಾ ತಂದು ಚಪಾತಿ ಮಾಡಿದ್ರ ರಬ್ಬರಿನಂಗ ಆಗ್ತಾವ ಅಂತ ಕೇಳೀನಿ.

ಲಕ್ಷ್ಮೇಶ್ವರದಾಕಿ:
ಗೋಧಿಹಿಟ್ಟು ಅಂದ್ರ ವೈಟ್ಸನ್‌ಮೇಲ್. ಅದರ ಮ್ಯಾಲೆ 405, 550, 1050 ಅಂತ ನಂಬರ್ ಇರ್ತದ. 100 ಗ್ರಾಂ ಹಿಟ್ಟು ಸುಟ್ರ ಎಷ್ಟು ಮಿಲಿಗ್ರಾಂ ಬೂದಿ ಉಳೀತದ ಅನ್ನೂದು ಆ ಅಂಕಿ. ಅಂದ್ರ ಅಂಕಿ ಹೆಚ್ಚಾದಂಗ ಹೊಟ್ಟು ಹೆಚ್ಚು. 405 ಮೈದಾದಂಗ. ಚಪಾತಿಗೆ 1050 ಛಲೋ, ಇಲ್ಲಾ 550 ಎರಡು ಪಾಲಿಗೆ 'ಫೋಲ್‌ಕೋರ್ನ್' (ಹೊಟ್ಟಿನ ಸಮೇತ ಬೀಸಿದ್ದು) ಒಂದು ಪಾಲು. 'ರೋಗನ್' ಅಂತಿದ್ರ ಅದು ರೈ, ಅಂಟಂಟು ಆಗಿ ಲಟ್ಟಿಸಾಕ ಬರೂದಿಲ್ಲ. ಉಪ್ಪಿಟ್ಟಿಗೆ 'ಹಾರ್ಟ್‌ವೈಟ್ಸನ್‌ಗ್ರೀಸ್', 'ವೈಷ್' ಅಂತ ಬರದಿದ್ದು ಮುದ್ದಿ ಆಗ್ತದ. ಕಡ್ಲಿಹಿಟ್ಟು 'ಕಿಶರ್‌ಎರ್ಬ್ಸನ್‌ಮೇಲ್'. ಮೊಸರಿಗೆ 'ನಾಟೂರ್‌ಯೋಗುರ್ಟ್ 3,5' ತಗೋರಿ, 'ಕ್ವಾರ್ಕ್' ಮೊಸರಲ್ಲ. ಅಡಗಿ ಸೋಡಾ ಅಂದ್ರ 'ನಾಟ್ರೋನ್'. ಅಂದಹಾಗ ಅಲ್ಲಿ ದಶಮಾಂಶಕ್ಕ ಅಲ್ಪವಿರಾಮ, ಸಾವಿರಕ್ಕ ಚುಕ್ಕಿ. 1.250,00 ಅಂದ್ರ ಸಾವಿರದ ಇನ್ನೂರ ಐವತ್ತು.

ಬೆಟಗೇರಿ ಮಗ್ಗ:
ಜ್ವಾಳದ ರೊಟ್ಟಿ ಇಲ್ಲದ ಆಕಿಗೆ ಊಟ ಸೇರೂದಿಲ್ಲ. ಕಡಕ್ ರೊಟ್ಟಿ ಎಷ್ಟು ದಿನಾ ಬರ್ತಾವ?

ಲಕ್ಷ್ಮೇಶ್ವರದಾಕಿ:
ಬಿಸಿರೊಟ್ಟಿ ಅಲ್ಲೇ ಆಗ್ತಾವ, ತಮ್ಮಾ. ಭಾರತದ ಸಾಮಾನಿನ ಅಂಗಡಿಯೊಳಗ ಜೋಳದ ಹಿಟ್ಟು 'ಜ್ವಾರ್' ಅಥವಾ 'ಜುವಾರ್' ಅಂತ ಸಿಗ್ತದ. ತ್ರಾಸು ಏನಂದ್ರ ಅದು ಬೀಸಿ ಭಾಳ ದಿನ ಆಗಿರ್ತದ, ಜಿಗಟು ಸತ್ತಿರ್ತದ, ಬಡಿಯೋ ಮುಂದ ಅಂಚು ಸೀಳ್ತಾವ. ಜೋಳದಾಗ ಗೋಧಿಯಂಗ ನಾರಿನ ಅಂಟು ಇರೂದಿಲ್ಲ. ಕುದಿಯೋ ನೀರು ಬಿದ್ದಾಗ ಪಿಷ್ಟ ಅರಳಿ ಜಿಗಟು ಕೊಡ್ತದ. ಅದಕ್ಕ ಎಸರು ಕಳಕಳ ಕುದ್ದಿರಬೇಕು. ಒಂದು ವಾಟಗಾ ಹಿಟ್ಟಿಗೆ ಮುಕ್ಕಾಲು ವಾಟಗಾ ಎಸರು, ಕಟಿಗಿ ಸೌಟಿಲೆ ಕಲಸಿ ಹತ್ತು ನಿಮಿಷ ಮುಚ್ಚಿಟ್ಟು, ಆಮ್ಯಾಲ ತಣ್ಣೀರು ಹಚಗೋತ ಅಂಗೈ ಹಿಮ್ಮಡದಿಂದ ಐದು ನಿಮಿಷ ನಾದ್ರಿ. ಪ್ಯಾಕೆಟ್ಟಿನ ಮ್ಯಾಲೆ ಬೀಸಿದ ತಾರೀಖು ನೋಡಿ ಹೊಸಾದು ಆರಿಸ್ರಿ, ತಂದ ಮ್ಯಾಲೆ ಫ್ರೀಜರಿನಾಗ ಇಡ್ರಿ.

ಇನ್ನ ಒಲಿ. ಅಲ್ಲಿ ಭಾಳ ಮನಿಯಾಗ ಗಾಜಿನ ತಟ್ಟಿಯ ಕರೆಂಟ್ ಒಲಿ, ಉರಿ ಇಲ್ಲ. ಅದು ತಾನ ಹತ್ತಿ ಆರಿ ಮಾಡ್ತಿರ್ತದ, ತೆಳ್ಳಗಿನ ಹಂಚು ಆರಿದಾಗ ತಣ್ಣಗಾಗಿ ರೊಟ್ಟಿ ಬಿರಸ ಆಗ್ತದ. ತಳ ಸಪಾಟ ಇರೋ ದಪ್ಪ ಬೀಡಿನ ಹಂಚು ಬೇಕು, ಐದಾರು ನಿಮಿಷ ಕಾಯಬೇಕು. ಮ್ಯಾಲೆ ನೀರು ಸವರಿ ತಿರುವಿ ಹಾಕಿದ ಮ್ಯಾಲೆ ಅರಬಿಲೆ ಅಂಚು ಒತ್ತಿದ್ರ ಉಬ್ಬತದ.

ಮುಂಡರಗಿ ಗಾಳಿ:
ಒಲಿ ಇಂಡಕ್ಷನ್ ಐತೇನು ಮೊದಲ ಕೇಳ್ರಿ. ಇಂಡಕ್ಷನ್ ಆದ್ರ ಅಲ್ಯುಮಿನಿಯಂ ಕುಕ್ಕರ್ ಕಾಯೂದ ಇಲ್ಲ. ತಳಕ್ಕ ಅಯಸ್ಕಾಂತ ಹಿಡದು ನೋಡ್ರಿ, ಅಂಟಿದ್ರ ಒಯ್ರಿ. ಮಿಕ್ಸರ್ ನಡೀತೈತಿ, ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಆದ್ರ ನಮ್ಮ ಮೂರು ಕಾಲಿನ ಪ್ಲಗ್ ಹೋಗೂದಿಲ್ಲ. ಅರ್ಥಿಂಗ್ ಇರೋ, ಮ್ಯಾಲೆ 10 ಅಥವಾ 16 ಆಂಪಿಯರ್ ಅಂತ ಬರದಿರೋ ಅಡಾಪ್ಟರ್ ತಗೋರಿ. ರಾತ್ರಿ 10ರಿಂದ ಮುಂಜಾನೆ 6ರ ತನಕ ಮಿಕ್ಸರ್ ಹಚ್ಚಬಾರದು, ಅದು ಅಲ್ಲಿ ಶಾಂತತೆಯ ಹೊತ್ತು. ಮಲಗೋ ಖೋಲಿ, ಪಡಸಾಲಿಯ ಮ್ಯಾಳಗಿಗೆ ಹೊಗಿ ಗುರುತಿಸೋ ಗಂಟಿ ಇರ್ತಾವ. ಮೆಣಸಿನಕಾಯಿ ಒಗ್ಗರಣಿ ಘಾಟು ಹೋದ್ರ ಕಿವಿ ಹರಿಯುವಂಗ ಕೂಗ್ತಾವ. ಅಡಗಿಮನಿ ಬಾಗಲಾ ಹಾಕಿ, ಕಿಟಕಿ ತಗದು ಒಗ್ಗರಣಿ ಹಾಕಬೇಕು.

ಹಾವೇರಿ ಏಲಕ್ಕಿ ಹಾರ:
ಕಿಟಕಿ ಅಂದ್ರಿ, ಬಾಡಿಗಿ ಮನಿಯವರ ದೊಡ್ಡ ಜಗಳ ಅದ. ಚಳಿಗಾಲದಾಗ ದಿನಕ್ಕ ಎರಡು-ಮೂರು ಸಲ, 5ರಿಂದ 10 ನಿಮಿಷ ಕಿಟಕಿ ಪೂರ್ತಿ ತಗೀಬೇಕು, ಆ ಹೊತ್ತಿಗೆ ಹೀಟರ್ ಬಂದ್ ಮಾಡಿ. ಹಂಗ ಮಾಡದಿದ್ರ ಅಡಗಿ, ಸ್ನಾನ, ಒಣಾ ಹಾಕಿದ ಅರಬಿಯ ಆವಿ ತಣ್ಣನ ಗ್ವಾಡಿಗೆ ಕೂತು ಕರೀ ಬೂಸಲು ಬರ್ತದ. ಮನಿ ಬಿಡೋ ಮುಂದ ಆ ಖರ್ಚು ಠೇವಣಿಯೊಳಗ ಮುರಕೊಳ್ಳೂ ಸಾಧ್ಯತೆ ಇರ್ತದ. ಕಿಟಕಿ ಮ್ಯಾಲಿನಿಂದ ಓರೆ ತಗದು ದಿನಪೂರ್ತಿ ಬಿಡೂದು ತಪ್ಪು, ಗ್ವಾಡಿ ತಣ್ಣಗಾಗಿ ಬೂಸಲು ಹೆಚ್ಚಾಗ್ತದ. ಹೀಟರ್ ಮ್ಯಾಲಿನ 3 ಅಂದ್ರ ಸುಮಾರು 20 ಡಿಗ್ರಿ.

ಸ್ಟುಟ್‌ಗಾರ್ಟ್ ಕಡೆ ಇನ್ನೊಂದು ಪದ್ಧತಿ ಅದ, ಕೇರ್‌ವೋಖೆ. ಮೆಟ್ಟಲು, ಅಂಗಳ ಕಸಾ ಹೊಡಿಯೋ ಪಾಳಿ ವಾರಕ್ಕೊಂದು ಮನಿಗೆ. ಪಾಳಿ ಬಂದಾಗ ಬಾಗಲಿಗೆ ಹಲಗಿ ತೂಗ ಹಾಕ್ತಾರ. ಅದೇನಂತ ತಿಳಿಯದ ಬಿಟ್ರ ಮಾತಾಡದನ ಮಂದಿ ಮುನಿಸ್ಕೋತಾರ. ಪಾಳಿ ಮುಗಿಸಿ ಹಲಗಿ ಮುಂದಿನ ಮನಿ ಬಾಗಲಿಗೆ ಹಾಕಬೇಕು. ನೆರಿಮನಿಯವರ ಜೋಡಿ ಮೊದಲ ಪರಿಚಯಕ್ಕ ಇದಕ್ಕಿಂತ ಛಲೋ ದಾರಿ ಇಲ್ಲ, ಭಾಷಾ ಬೇಕಾಗೂದಿಲ್ಲ.

ತೋಂಟದ ಓಣಿ:
ಬಾಟಲಿ ಒಗೀಬ್ಯಾಡ್ರಿ ಅಂತನೂ ಹೇಳ್ರಿ. ಒಂದ ಸಲ ಬಳಸೋ ಪ್ಲಾಸ್ಟಿಕ್ ಬಾಟಲಿ, ಪಾನೀಯದ ಡಬ್ಬಿಗೆ 25 ಸೆಂಟ್ ಠೇವಣಿ ತಗೊಂಡಿರ್ತಾರ, ಫಾಂಡ್ ಅಂತ. ಅಂಗಡಿಯೊಳಗಿನ ಯಂತ್ರಕ್ಕ ಹಾಕಿದ್ರ ಚೀಟಿ ಬರ್ತೈತಿ, ಅದನ್ನ ಗಲ್ಲೆಯೊಳಗ ಕೊಟ್ರ ಬಿಲ್ಲಿನಾಗ ಮುರಕೋತಾರ. ಜಜ್ಜಿದ್ರ ಯಂತ್ರ ಓದೂದಿಲ್ಲ. ಐತವಾರ ಅಂಗಡಿ ಬಂದ್, ಶನಿವಾರ ಸಂಜಿನ ಸಂತಿ ಮುಗಿಸಬೇಕು. ಗಲ್ಲೆಯೊಳಗ ಕೇಳೋ ಎರಡು ಪ್ರಶ್ನೆ ಯಾವಾಗಲೂ ಪಾಯಿಂಟ್ ಕಾರ್ಡು ಐತೇನು, ಬಿಲ್ಲು ಬೇಕೇನು ಅಂತ. ಎರಡಕ್ಕೂ "ನೈನ್, ಡಾಂಕೆ".

ಉಣಕಲ್ ದಂಡಿ:
ಬಸ್ಸು-ರೈಲಿಗಾದ್ರೂ ಫೋನ್ ಸಾಕು ಅಂತ ಒಪ್ಕೋರಿ.

ಬ್ಯಾಡಗಿ ಕಡ್ಡಿ:
ಒಪ್ಪಿದೆ, ಆದ್ರ ಪೂರ್ತಿ ಅಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ನಿಲ್ದಾಣದಾಗ ಟಿಕೆಟ್ ಇಲ್ಲಂದ್ರ ಗೇಟ್ ತೆರಿಯೂದಿಲ್ಲ. ಜರ್ಮನಿಯಾಗ ಗೇಟ ಇಲ್ಲ, ಸೀದಾ ಹತ್ತಬಹುದು. ಟಿಕೆಟ್ ತಗೊಂಡ್ರೂ ಕೆಲವು ಊರಾಗ ಅದಕ್ಕ ಯಂತ್ರದಾಗ ಮುದ್ರಿ ಒತ್ತಬೇಕು. ಮುದ್ರಿ ಇಲ್ಲದ ಟಿಕೆಟ್ ಅಂದ್ರ ಟಿಕೆಟ್ ಇಲ್ಲದಂಗ, ದಂಡ 60 ಯೂರೋ. ದಿನಾ ಅಡ್ಡಾಡೋರಿಗೆ ಡಾಯ್ಚ್‌ಲಾಂಡ್ ಟಿಕೆಟ್ ಐತಿ, 2026ರಿಂದ ತಿಂಗಳಿಗೆ 63 ಯೂರೋ. ಊರ ಬಸ್ಸು, ಟ್ರಾಮ್, ಪ್ರಾದೇಶಿಕ ರೈಲು ಎಲ್ಲಾ ನಡೀತಾವ. ವೇಗದ ಐಸಿಇ, ಐಸಿ ರೈಲಿಗೆ ನಡಿಯೂದಿಲ್ಲ. ಬ್ಯಾಡ ಅಂದ್ರ ತಿಂಗಳ 10ರೊಳಗ ರದ್ದು ಮಾಡಬೇಕು, ಇಲ್ಲಂದ್ರ ಮುಂದಿನ ತಿಂಗಳದ್ದೂ ಮುರಕೋತಾರ. ಹಲಗಿ ಮ್ಯಾಲೆ "ಫೆಲ್ಟ್ ಔಸ್" ಬಂದ್ರ ರೈಲು ರದ್ದು. ಧ್ವನಿವರ್ಧಕದಾಗ ಹೇಳಿದ್ದನ್ನ ಫೋನ್ ಸರಿಯಾಗಿ ಹಿಡಿಯೂದು ಕಷ್ಟ, ಮಂದಿ ಎದ್ದು ಬ್ಯಾರೆ ಪ್ಲಾಟ್‌ಫಾರ್ಮಿಗೆ ಹೊಂಟ್ರ ಹಲಗಿ ನೋಡ್ರಿ.

ಸಾಧನಕೇರಿ ಮಳೆ:
ದವಾಖಾನಿ ಉಳೀತು. ಮನಿಯವ್ರು ಸರ್ಕಾರಿ ಪದ್ಧತಿಯ ವಿಮೆಯೊಳಗ ಇದ್ರ ದುಡಿಯದ ಹೆಂಡತಿಗೆ ಬ್ಯಾರೆ ಕಂತು ಇಲ್ಲ, ಅರ್ಜಿ ತುಂಬಿದ್ರ ಆಕಿ ಹೆಸರಿಗೂ ಕಾರ್ಡು ಬರ್ತದ. ಖಾಸಗಿ ವಿಮೆ ಆದ್ರ ಬ್ಯಾರೆ ಪಾಲಿಸಿ ಬೇಕು. ಫೋನ್ ಮಾಡಿ ಟೆರ್ಮೀನ್ ಕೇಳೂದು ಭಾಷಾ ಬರದವರಿಗೆ ಆಗದ ಮಾತು. ಮುಂಜಾನೆ ದವಾಖಾನಿ ತೆರದ ಕೂಡ್ಲೆ ಕಾರ್ಡು ಹಿಡಕೊಂಡು ಕೌಂಟರಿಗೆ ಹೋಗಿ, ತ್ರಾಸು ಬರದ ಚೀಟಿ ತೋರಿಸಿ, ದಿನ-ಹೊತ್ತು ಬರಸ್ಕೊಂಡು ಬರಬೇಕು.

ಗುಳಗಿ ಹೆಸರು ಕಂಪನಿದು ಅಲ್ಲ, ಒಳಗಿನ ಔಷಧದ್ದು ಬರಕೊಂಡು ಹೋಗ್ಲಿ. ಪ್ಯಾರಾಸಿಟಮಾಲ್ ಅಲ್ಲೂ ಪ್ಯಾರಾಸಿಟಮಾಲ್ ಅಂತನ ಇರ್ತದ, ಆಪೊಟೇಕೆ, ಅಂದ್ರ ಔಷಧದ ಅಂಗಡಿಯೊಳಗಷ್ಟ ಸಿಗ್ತದ. ಸಾಬಣ ಮಾರೋ ದೊಡ್ಡ ಅಂಗಡಿಯೊಳಗ ಹುಡುಕಬಾರದು. ಆಂಟಿಬಯಾಟಿಕ್ ಚೀಟಿ ಇಲ್ಲದ ಕೊಡೂದ ಇಲ್ಲ. 2024ರಿಂದ ಸರ್ಕಾರಿ ಪದ್ಧತಿಯ ವಿಮೆಯವರಿಗೆ ಚೀಟಿ ಅಂದ್ರ ಕಾಗದ ಅಲ್ಲ, ವಿಮೆ ಕಾರ್ಡಿನ ಮೂಲಕ ಆಪೊಟೇಕೆಯವ್ರು ಓದ್ತಾರ. ಡಾಕ್ಟರು ಏನೂ ಕೊಡಲಿಲ್ಲ ಅಂತ ತಿರುಗಿ ಬರಬಾರದು. ಇಲ್ಲಿಂದ ದಿನದ ಗುಳಗಿ ಒಯ್ಯೋದಾದ್ರ 3 ತಿಂಗಳಿಗೆ ಸಾಕಾಗುವಷ್ಟ, ಡಾಕ್ಟರ ಚೀಟಿ ಜೋಡಿ.

ಜೀವಕ್ಕ ಅಪಾಯ ಅಥವಾ ಬೆಂಕಿ ಅಂದ್ರ 112, ಪೊಲೀಸ್ 110. ರಾತ್ರಿ, ಐತವಾರ ಜ್ವರ-ನೋವಿಗೆ 116117. 112ಕ್ಕ ಹಚ್ಚಿದಾಗ ಮೊದಲ ವಿಳಾಸ ಹೇಳಬೇಕು, ಆಮ್ಯಾಲ ಉಳಿದದ್ದು. ಫೋನ್ ಕಟ್ ಆದ್ರೂ ಬರ್ತಾರ. ಆ ವಿಳಾಸ ಕನ್ನಡ ಲಿಪಿಯೊಳಗ, ಉಚ್ಚಾರ ಇದ್ದಂಗ, ದೊಡ್ಡ ಅಕ್ಷರದಾಗ ಬಾಗಲ ಹಿಂದ ಅಂಟಿಸಿ ಇಡ್ರಿ. ಗಾಬರಿಯೊಳಗ ಬಾಯಿಪಾಠ ಮರೀತದ.

ಮುಂಡರಗಿ ಗಾಳಿ:
ಸ್ಟುಟ್‌ಗಾರ್ಟ್ ಅಂದ ಕೂಡ್ಲೆ ನೆನಪಾತು. ಕನ್ನಡ–ಜರ್ಮನ್ ನಿಘಂಟು ಬರದ ಕಿಟೆಲ್ ಸಾಹೇಬ್ರು ಅದ ಕಡೆಯವ್ರಲ್ಲೇನ್ರಿ?

ಸಾಧನಕೇರಿ ಮಳೆ:
ತಿದ್ದತೀನಿ. 1894ರಾಗ ಅಚ್ಚಾದ ಅವರ ನಿಘಂಟು ಕನ್ನಡ–ಇಂಗ್ಲಿಷ್. ಹುಟ್ಟಿದ್ದು ಉತ್ತರ ಜರ್ಮನಿಯ ರೆಸ್ಟರ್‌ಹಾಫೆ, 1832ರಾಗ. ತೀರಿಕೊಂಡಿದ್ದು ಟ್ಯುಬಿಂಗನ್‌ದಾಗ, 1903ರಾಗ. ಅದು ಸ್ಟುಟ್‌ಗಾರ್ಟಿನಿಂದ ದೂರ ಇಲ್ಲ. 1853ರಾಗ ಬಾಸೆಲ್ ಮಿಷನ್ನಿಂದ ಈ ಕಡೆ ಬಂದು ಕನ್ನಡ ಕಲಿತವ್ರು. ನಮ್ಮ ಧಾರವಾಡದ ಕಿಟೆಲ್ ಕಾಲೇಜು ಅವರ ಹೆಸರಿಂದ. ತಂಗಿ ಒಂದು ಐತವಾರ ಟ್ಯುಬಿಂಗನ್ನಿಗೆ ಹೋಗಿ ಬರ್ಲಿ, ಡಾಯ್ಚ್‌ಲಾಂಡ್ ಟಿಕೆಟ್ ನಡೀತದ.

ಹಾವೇರಿ ಏಲಕ್ಕಿ ಹಾರ:
ಮಗ್ಗದವರ, ಒಂದು ಮಾತು ಬಿಟ್ಟಿದ್ದೆ. ಆ ಕಡೆ ಮಂದಿ ಮಾತಾಡೂದು ಶ್ವೇಬಿಶ್, ಪಾಠದ ಜರ್ಮನ್ ಅಲ್ಲ. ಪಾಠದಾಗ ಬನ್ನಿಗೆ 'ಬ್ರ್ಯೋಟ್‌ಶೆನ್' ಅಂತಾರ, ಅಲ್ಲಿ 'ವೆಕ್ಲೆ'. ನಮಸ್ಕಾರಕ್ಕ 'ಗ್ರ್ಯೂಸ್ ಗಾಟ್'. ಮೈಸೂರು ಕಡೆಯವ್ರು ಬಂದು ನಮ್ಮ ಮಾತು ಕೇಳಿದಂಗ ಆಗ್ತದ. "ಬಿಟ್ಟೆ ಲಾಂಗ್‌ಸಾಮ್", ಅಂದ್ರ ದಯವಿಟ್ಟು ಸಾವಕಾಶ, ಅಂದ್ರ ಶುದ್ಧ ಜರ್ಮನ್ನಿಗೆ ಹೊರಳ್ತಾರ. ಅಲ್ಲಿ ಹೋಗಿ ಮುಟ್ಟಿದ ತಿಂಗಳದಾಗನ ಇಂಟಿಗ್ರೇಷನ್ ಕೋರ್ಸಿಗೆ (ಹೊಸದಾಗಿ ಬಂದವರ ತರಗತಿ) ಸೇರಾಕ ಆಗ್ತದೇನು ಅಂತ ವಿದೇಶಿಯರ ಕಚೇರಿಯೊಳಗ ಕೇಳ್ಲಿ. 600 ತಾಸು ಭಾಷಾ, 100 ತಾಸು ದೇಶದ ಪರಿಚಯ. ಒಂದು ತಾಸು ಅಂದ್ರ 45 ನಿಮಿಷ. ಅಲ್ಲಿ ಸೀಟು ಇಲ್ಲಂದ್ರ ಫೋಲ್ಕ್ಸ್‌ಹೋಖ್‌ಶೂಲೆಯ (ದೊಡ್ಡವರಿಗೆ ಕಲಿಸೋ ಊರಿನ ಶಾಲಿ) ಸಂಜಿ ತರಗತಿ.

ಬೆಟಗೇರಿ ಮಗ್ಗ:
ಎಲ್ಲಾರಿಗೂ ಭಾಳ ಉಪಕಾರ ಆತು. ಮನಿಯವರಿಗೆ ಈಗ ಫೋನ್ ಹಚ್ಚಿ ಕೇಳಿದೆ, ಪೆಟ್ಟಿಗಿ ಮ್ಯಾಲೆ ಅವ್ರ ಹೆಸರಷ್ಟ ಐತಿ. ಆಕಿ ಪಾಸ್‌ಪೋರ್ಟಿನಾಗ ತವರಿನ ಅಡ್ಡಹೆಸರು ಐತಿ. ಎರಡೂ ಬರಿಯಾಕ ಜಾಗಾ ಇಲ್ಲ ಅಂತಾರ. ಹೆಂಗ ಮಾಡೂದು?

ಸಾಧನಕೇರಿ ಮಳೆ:
ಮೊದಲ ಹೆಸರು ಬಿಟ್ಟು ಎರಡೂ ಅಡ್ಡಹೆಸರು ಅಷ್ಟ ಬರೀರಿ, ನಡುವ ಓರೆಗೀಟು ಹಾಕಿ. ಪಾಸ್‌ಪೋರ್ಟಿನಾಗ ಇದ್ದ ಅಕ್ಷರನ ಇರಬೇಕು. ಕರೆಗಂಟಿ ಮ್ಯಾಲೂ ಅದನ್ನ ಹಾಕ್ರಿ. ಕರೆಗಂಟಿ ಫಲಕ ಮಾಲಕರದ್ದು ಇದ್ರ ಅವರಿಗೆ ಇವತ್ತ ಮೇಲ್ ಕಳಸ್ರಿ, ಮಾಡಿಸಾಕ ದಿನಾ ಹಿಡೀತದ. ಅಲ್ಲಿ ತನಕ ಕಾಗದದ ಪಟ್ಟಿ ಮ್ಯಾಲೆ ಬರದು ಪಾರದರ್ಶಕ ಟೇಪಿಲೆ ಅಂಟಿಸಿದ್ರ ಅಂಚೆಯವರಿಗೆ ಸಾಕು.